ಥಿಪ್‌ಮಣಿ ಟಾಕೀಸಿನ ಗಂಡುದನಿ

ಥಿಪ್‌ಮಣಿ ಟಾಕೀಸಿನ ಮಹಡಿ ಹತ್ತಿದರೆ ಎಡಕ್ಕೆ ಬಾರು, ಬಲಕ್ಕೆ ಒಂದು ಗೂಡು. ಬಾರಿನಲ್ಲಿ ಕಲ್ಲುಹಾಸಿನ ಕಟ್ಟೆ, ಐದಾರು ಎತ್ತರದ ಸ್ಟೂಲು, ಗೋಡೆಯಲ್ಲೊಂದು ಉದ್ದನೆಯ ಗಾಜಿನ ಕಿಂಡಿ. ಕಿಂಡಿಯಿಂದ ಪರದೆ ಪೂರ್ತಿ ಕಾಣುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುವವರು ಕೆಳಗೆ ಬೆಂಚಿನ ಮೇಲೆ ಬೆವರುವುದು ಬಿಟ್ಟು ಇಲ್ಲಿ ಗ್ಲಾಸು ಹಿಡಿದು ಸಿನಿಮಾ ನೋಡುತ್ತಿದ್ದರು. ಬಲಗಡೆಯ ಗೂಡಿನಲ್ಲಿ ಎರಡು ಕುರ್ಚಿ, ಎರಡು ಮೈಕು, ಒಂದು ಟೇಬಲ್ ಫ್ಯಾನು. ಅಲ್ಲಿ ಕೂತು ಕಾಸೆಮ್ ಎಂಬುವನು ಪರದೆಯ ಮೇಲಿನ ಎಲ್ಲ ಗಂಡಸರ ಮಾತನ್ನೂ ಆಡುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಪತುಮಾ ಎಲ್ಲ ಹೆಂಗಸರ, ಮಕ್ಕಳ ಮಾತು ಆಡುತ್ತಿದ್ದಳು.

ಆ ಕಾಲಕ್ಕೆ ನಖೋನ್ ಸವನ್ ಊರಿಗೆ ಬರುತ್ತಿದ್ದ ಸಿನಿಮಾಗಳಿಗೆ ದನಿ ಇರುತ್ತಿರಲಿಲ್ಲ. ನಟರು ತುಟಿ ಆಡಿಸುತ್ತಿದ್ದರು, ಅಷ್ಟೇ. ದನಿ ತುಂಬುವುದು ಆಯಾ ಟಾಕೀಸಿನವರ ಹೊಣೆ. ಹಾಗಾಗಿ ಒಂದೇ ಚಿತ್ರ ಒಂದೊಂದು ಊರಿನಲ್ಲಿ ಒಂದೊಂದು ಥರ ಮಾತಾಡುತ್ತಿತ್ತು. ಜನ ನಾಯಕ ಯಾರೆಂದು ಕೇಳುವ ಮೊದಲು ದನಿ ಯಾರದು ಎಂದು ಕೇಳಿ ಟಿಕೆಟ್ ಕೊಳ್ಳುತ್ತಿದ್ದರು.

ಕಾಸೆಮ್ ಪಿಚಿತ್ ಕಡೆಯವನು. ಹುಡುಗನಾಗಿದ್ದಾಗ ಎಲ್ಲರ ಮಕ್ಕಳಂತೆ ಚೀವರ ಉಟ್ಟು ವಿಹಾರದಲ್ಲಿದ್ದು ಬಂದಿದ್ದ. ಅಲ್ಲಿ ಮುಂಜಾನೆ ಪಾಲಿ ಸೂತ್ರಗಳನ್ನು ಕೂಗಿ ಕೂಗಿ ಎದೆ ಗಟ್ಟಿಯಾಗಿತ್ತು. ಅಣಕಿಸುವುದು ಮಾತ್ರ ಹುಟ್ಟುಗುಣ. ಅಕ್ಕಿ ಗಿರಣಿಯ ಮೇಸ್ತ್ರಿ, ಮೂಗಿನಲ್ಲಿ ಮಾತಾಡುವ ಪೊಲೀಸಪ್ಪ, ಕೆಮ್ಮುವ ಅಜ್ಜ ಎಲ್ಲರೂ ಅವನ ಗಂಟಲಲ್ಲಿ ಮನೆ ಮಾಡಿದ್ದರು. ಖಳನಾಯಕನಿಗೆ ಮೀನು ಹರಾಜಿನವನ ದನಿ ಕೊಟ್ಟನೆಂದರೆ ಕೆಳಗೆ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದರು.

ಮೊದಲೆರಡು ವರ್ಷ ಅವನು ಬಾರಿನ ಕಡೆ ಹೋದರೆ ನಿಂಬೆ ಹಿಂಡಿದ ಬಿಸಿನೀರಿಗಾಗಿ. ಬಾರು ನೋಡಿಕೊಳ್ಳುತ್ತಿದ್ದ ಲಮ್ಯೈ ಎಂಬ ಹೆಂಗಸು ಅದನ್ನು ಕಾಸು ತೆಗೆದುಕೊಳ್ಳದೆ ಕೊಡುತ್ತಿದ್ದಳು. ಒಂದು ದಿನ ಚಿತ್ರದಲ್ಲೊಬ್ಬ ಕುಡುಕನ ಪಾತ್ರವಿತ್ತು. ಕಾಸೆಮ್ ಅದನ್ನು ಎಷ್ಟು ಚೆನ್ನಾಗಿ ಆಡಿದನೆಂದರೆ, ಮರಳು ಸಾಗಿಸುವ ದೋಣಿಗಳ ಒಡೆಯ ಸನಿತ್ ಎಂಬುವನು ಗೂಡಿನ ಬಾಗಿಲಿಗೇ ಬಂದು ಕೈಹಿಡಿದು ಎಳೆದುಕೊಂಡು ಹೋದ.

"ಕುಡೀದೆ ಹಿಂಗ್ ಆಡ್ತೀಯಲ್ಲ ತಮ್ಮಾ, ಕುಡಿದ್ರೆ ಹೆಂಗ್ ಆಡ್ಬೋದು?" ಎಂದು ಗ್ಲಾಸು ಮುಂದಿಟ್ಟ.

ಅವತ್ತು ಪಂಚಶೀಲದ ಐದನೆಯದು, ಕುಡಿಯಬಾರದೆಂಬುದು, ಹೋಯಿತು. ಅಕ್ಕಿಯ ವಿಸ್ಕಿ, ಸೋಡಾ, ತಟ್ಟೆಯಲ್ಲಿ ಸುಟ್ಟು ಚಪ್ಪಟೆ ಮಾಡಿದ ಒಣ ಬೊಂಡಾಸ್ ಮೀನು. ಕುಡಿದು ಮೈಕಿನ ಮುಂದೆ ಕೂತರೆ ಗಂಟಲಿಗೆ ಎಣ್ಣೆ ಬಿಟ್ಟ ಹಾಗೆ ಮಾತು ಹರಿಯಿತು. ಹಾಗಂತ ಅವನಿಗನ್ನಿಸಿತು. ಪತುಮಾ ಮೂಗು ಮುಚ್ಚಿಕೊಂಡು, "ಇವತ್ತು ನಿಮ್ಮ ನಾಯಕನ ಬಾಯಿ ಯಾಕೋ ವಾಸನೆ ಹೊಡೀತಿದೆ ಕಾಸೆಮಣ್ಣ. ನಾಯಕಿ ದೂರ ನಿಂತಿದಾಳೆ ನೋಡಿ," ಎಂದು ಫ್ಯಾನನ್ನು ಅವನ ಕಡೆಗೆ ತಿರುಗಿಸಿದಳು.

ಅವಳು ಅವನಿಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಊರು ನಾನ್ ನದಿಯ ದಂಡೆಯ ಚುಮ್‌ಸೇಂಗ್, ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಅಲ್ಲಿ ಅವಳ ತಾಯಿಯಿದ್ದಳು, ಅಣ್ಣನಿದ್ದ. ಪರದೆಯ ಮೇಲೆ ದಿನಕ್ಕೆ ಎರಡು ಆಟ ಪತುಮಾ ಕಾಸೆಮನ ಹೆಂಡತಿ, ತಂಗಿ, ಪ್ರಿಯತಮೆ, ಕೆಲವೊಮ್ಮೆ ತಾಯಿ. ಆಟ ಮುಗಿದರೆ ಇಬ್ಬರೂ ಕೈ ಮುಗಿದು ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಊರಿನ ಬಾಯಿ ಮಾತ್ರ ಇಬ್ಬರಿಗೂ ಎಂದೋ ಮದುವೆ ಮಾಡಿಸಿಬಿಟ್ಟಿತ್ತು.

ಆ ವರ್ಷದ ಚೀನೀ ಹೊಸವರ್ಷದ ವಾರ. ಪೇಟೆಯಲ್ಲಿ ಬಣ್ಣದ ಡ್ರ್ಯಾಗನ್ ಕುಣಿಯುತ್ತಿತ್ತು, ಪಟಾಕಿ ಹೊಗೆ ಟಾಕೀಸಿನ ಒಳಗೂ ನುಗ್ಗಿತ್ತು. ಹಳ್ಳಿಗಳಿಂದ ದೋಣಿ ದೋಣಿ ಜನ. ಮಾಲೀಕ ಸೆಂಗ್ ಧಣಿ ಹಜಾರದಲ್ಲಿ ಹೆಚ್ಚುವರಿ ಮಣೆ ಹಾಕಿಸಿದ್ದ. ಹನ್ನೊಂದರ ಹೊತ್ತಿಗೆ ಚುಮ್‌ಸೇಂಗಿನ ಮೀನಿನ ವ್ಯಾಪಾರಿಯೊಬ್ಬಳು ಪತುಮಾಳನ್ನು ಹುಡುಕಿಕೊಂಡು ಬಂದು, "ನಿಮ್ಮಮ್ಮನಿಗೆ ಹುಷಾರಿಲ್ಲ ಕಣೆ. ನಿನ್ನ ಹೆಸರು ಹಿಡಿದು ಕೂಗ್ತಿದಾಳೆ," ಎಂದು ಹೇಳಿ ಹೋದಳು.

ಪತುಮಾ ನೇರ ಕಾಸೆಮನ ಹತ್ತಿರ ಬಂದಳು. ಅವನು ಬಾರಿನ ಸ್ಟೂಲಿನ ಮೇಲೆ ಕೂತು ಅಂದಿನ ಕಥೆಯ ಹಾಳೆ ತಿರುವುತ್ತಿದ್ದ.

"ಕಾಸೆಮಣ್ಣ, ಇವತ್ತೊಂದು ದಿನ ನನ್ನ ಮಾತೂ ನೀವೇ ಆಡ್ತೀರಾ? ನಾನು ಊರಿಗೆ ಹೋಗ್ಬೇಕು."

"ನಾಯಕಿ ಮಾತೂ ನಾನೇನಾ?"

"ನಿಮ್ಗೆ ಬರುತ್ತಲ್ಲ. ಧಣಿಯ ಹೆಂಡ್ತಿ ಥರ ಮಾಡಿ ತೋರಿಸ್ತೀರಲ್ಲ."

ಕಾಸೆಮ್ ನಕ್ಕು, ದನಿ ತೆಳ್ಳಗೆ ಮಾಡಿ ಧಣಿಯ ಹೆಂಡತಿಯ ಥರವೇ, "ಹೋಗ್ಬಾಮ್ಮಾ, ಹೋಗ್ಬಾ. ನಾನಿದೀನಿ," ಎಂದ. ಆಮೇಲೆ ತನ್ನ ದನಿಯಲ್ಲೇ, "ನಿಶ್ಚಿಂತೆಯಾಗಿ ಹೋಗು. ಎರಡು ಆಟಾನೂ ನಾನು ನೋಡ್ಕೋತೀನಿ," ಎಂದ. ಅವಳು ಎರಡೂ ಕೈ ಎತ್ತಿ ಹಣೆಗೆ ಮುಟ್ಟಿಸಿ ಮುಗಿದಳು. ಅಷ್ಟು ಎತ್ತರಕ್ಕೆ ಕೈ ಎತ್ತಿ ಅವಳು ಯಾವತ್ತೂ ಅವನಿಗೆ ಮುಗಿದಿರಲಿಲ್ಲ. ಬಟ್ಟೆ ತುಂಬಿಕೊಂಡು ಬರಲು ಬಾಡಿಗೆ ಕೋಣೆಗೆ ಓಡಿದಳು.

ಅವಳು ಮೆಟ್ಟಿಲಿಳಿದಳು, ಸನಿತ್ ಮೆಟ್ಟಿಲು ಹತ್ತಿದ. ಹಬ್ಬದ ಹುರುಪಿನಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದ. ಕಾಸೆಮ್ ಒಂದೇ ಎಂದ. ಆ ಒಂದು ಖಾಲಿಯಾಗುವ ಮೊದಲೇ ಸನಿತ್ ಮೇಲೆ ಸುರಿದ. ಮುಟ್ಟದೆ ಬಿಡಬಹುದಿತ್ತು, ಯಾರೂ ಬಾಯಿಗೆ ಹೊಯ್ಯುತ್ತಿರಲಿಲ್ಲ. ಆದರೆ ಸುತ್ತ ಕೂತವರು, "ಆ ಅಜ್ಜನ ದನಿ ಮಾಡಪ್ಪ," "ಆ ಪೊಲೀಸಪ್ಪಂದು ಒಂದ್ಸಲ," ಎನ್ನುತ್ತಿದ್ದರು. ಒಂದೊಂದು ದನಿಗೂ ನಗೆ, ಒಂದೊಂದು ನಗೆಗೂ ಒಂದು ಗುಟುಕು. ಹೀಗೆ ಹೊತ್ತು ಏರಿತು.

ಲಮ್ಯೈ ಬಾಟಲಿ ಹಿಂದಕ್ಕೆಳೆದುಕೊಂಡಳು. "ಸಾಕು ಮಾಡು ಕಾಸೆಮ್. ಇವತ್ತು ನಿಂಗೆ ಇಬ್ಬರ ಕೆಲ್ಸ ಇದೆ."

"ಇಬ್ಬರ ಕೆಲಸಕ್ಕೆ ಇಬ್ಬರ ಕುಡಿತ ಬೇಡ್ವಾ ಅಕ್ಕಾ? ಪತುಮಾ ಪಾಲಿಂದೂ ನಾನೇ ಕುಡೀಬೇಕಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಲಮ್ಯೈ ಮಾತ್ರ ನಗಲಿಲ್ಲ. ಅವಳು ಕಾಸೆಮನ ಹೆಗಲಾಚೆ ನೋಡುತ್ತಿದ್ದಳು. ಅವನು ತಿರುಗಿದ. ಪತುಮಾ ಬಟ್ಟೆಯ ಚೀಲ ಹಿಡಿದು ಮೆಟ್ಟಿಲ ತಲೆಯಲ್ಲಿ ನಿಂತಿದ್ದಳು. ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗೋಣವೆಂದು ಬಂದಿದ್ದಳು.

"ಹೊರಟ್ಯಾ ಪತುಮಾ? ಹೋಗು, ಹೋಗು," ಎಂದ ಕಾಸೆಮ್. ನಾಲಿಗೆ ಹೊರಳಲಿಲ್ಲ. ಎದ್ದು ನಿಲ್ಲಲು ಹೋಗಿ ಕಟ್ಟೆ ಹಿಡಿದುಕೊಂಡ.

ಪತುಮಾ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಕೆಳಗೆ ಆಟದ ಗಂಟೆ ಹೊಡೆಯಿತು. ಅವಳು ಚೀಲವನ್ನು ಲಮ್ಯೈಗೆ ಕೊಟ್ಟಳು. "ಇದನ್ನ ಸ್ವಲ್ಪ ಒಳಗಿಡಿ ಅಕ್ಕಾ." ಆಮೇಲೆ ಅವನಿಗೆ, "ಏಳಿ. ಗಂಟೆ ಹೊಡೀತು."

"ನಿನ್ನ ರೈಲು..."

"ಏಳಿ ಅಂದೆ."

ಆ ಮಧ್ಯಾಹ್ನದ ಆಟವನ್ನು ಊರು ಬಹಳ ದಿನ ನೆನೆದು ನಕ್ಕಿತು. ಕಾಸೆಮ್ ಅಜ್ಜನಿಗೆ ನಾಯಕನ ದನಿ ಕೊಟ್ಟ, ನಾಯಕನಿಗೆ ಪೊಲೀಸಪ್ಪನ ಮೂಗು ಹಚ್ಚಿದ, ಒಂದು ಕಡೆ ಸುಮ್ಮನೆ ತೂಕಡಿಸಿದ. ಆಗೆಲ್ಲ ಪತುಮಾ ತನ್ನ ಮೈಕಿನಲ್ಲೇ ದನಿ ದಪ್ಪಗೆ ಮಾಡಿ ಅವನ ಮಾತನ್ನೂ ಆಡಿದಳು. ಜನ ಇದೇನೋ ಹಬ್ಬದ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಎರಡನೆಯ ಆಟಕ್ಕೆ ಕಾಸೆಮನ ಅಮಲು ಇಳಿದಿತ್ತು. ಪಕ್ಕದಲ್ಲಿ ಪತುಮಾ ಕೂತೇ ಇದ್ದಳು. ಅವಳ ಕಡೆ ಕಣ್ಣೆತ್ತುವ ಧೈರ್ಯ ಅವನಿಗಾಗಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಅವಳು ಹೋದಳು. ತಾಯಿ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ತೀರಿಕೊಂಡಿದ್ದಳು.

ಶವಸಂಸ್ಕಾರಕ್ಕೆ ಧಣಿ ಹೋದ, ಲಮ್ಯೈ ಹೋದಳು. ಕಾಸೆಮ್ ಹೂವಿನ ಚಕ್ರ ಕಟ್ಟಿಸಿಕೊಂಡು ನದಿಯಾಚೆಯ ರೈಲು ನಿಲ್ದಾಣದವರೆಗೆ ಹೋದ. ರೈಲು ಬಂತು, ನಿಂತಿತು, ಹೋಯಿತು. ಹೂವನ್ನು ಬೆಂಚಿನ ಮೇಲೆ ಬಿಟ್ಟು ನದಿ ದಾಟಿ ವಾಪಸ್ಸು ಬಂದ. ಲಮ್ಯೈ ಮರಳಿ ಬಂದ ಮೇಲೆ, ಅವನು ಕೇಳದಿದ್ದರೂ ಹೇಳಿದಳು.

"ಮುದುಕಿ ಕೊನೇವರ್ಗೂ ಬಾಗಿಲು ನೋಡ್ತಿದ್ಲಂತೆ. 'ಅವಳ ಸಿನಿಮಾ ಇನ್ನೂ ಮುಗೀಲಿಲ್ವಾ' ಅಂತ ಮಗನ್ನ ಕೇಳ್ತಿದ್ಲಂತೆ."

ಕಾಸೆಮ್ ಅವತ್ತಿನಿಂದ ಕುಡಿಯಲಿಲ್ಲ. ಅದರಿಂದ ಏನೂ ಆಗಲಿಲ್ಲ. ಬಾರಿನ ಮುಂದೆ ಹಾದು ಗೂಡಿಗೆ ಹೋಗುವಾಗ ತಾನೇ ಆಡಿದ ಮಾತು ಕಿವಿಯಲ್ಲಿ ಕೂಗುತ್ತಿತ್ತು. ಪತುಮಾ ಪಾಲಿಂದೂ ನಾನೇ ಕುಡೀಬೇಕಲ್ಲ. ಅಷ್ಟೊಂದು ದನಿಗಳು ಗೊತ್ತಿದ್ದವನಿಗೆ ಆ ಒಂದು ದನಿಯ ಬಾಯಿ ಮುಚ್ಚಿಸಲು ಆಗಲಿಲ್ಲ.

ಪತುಮಾ ಕೆಲಸಕ್ಕೆ ಮರಳಿದಳು. ಬೈಯಲಿಲ್ಲ, ಅಳಲಿಲ್ಲ, ಮಾತೂ ಆಡಲಿಲ್ಲ. ಗೂಡಿಗೆ ಬಂದರೆ ಕೈ ಮುಗಿಯುವಳು, ಕುರ್ಚಿ ಎಳೆದು ಕೂರುವಳು, ದೀಪ ಆರಿದ ಕೂಡಲೇ "ಪ್ರಾಣನಾಥ" ಎನ್ನುವಳು. ಮೈಕಿನಲ್ಲಿ ಅವನಿಗಾಗಿ ಕಾಯುವಳು, ಅವನಿಗಾಗಿ ಹಾಡುವಳು, ಅವನ ತೊಡೆಯ ಮೇಲೆ ತಲೆಯಿಟ್ಟು ಸಾಯುವಳು. ದೀಪ ಹತ್ತಿದರೆ ಮತ್ತೆ ಕೈ ಮುಗಿದು ಎದ್ದು ಹೋಗುವಳು. ಕಾಸೆಮನಿಗೆ ಹಗಲೆಲ್ಲ ಒಂದು ಮಾತು ಸಿಗುತ್ತಿರಲಿಲ್ಲ, ಆಟ ಶುರುವಾದರೆ ಜೇನಿನಂಥ ಮಾತಿನ ಮಳೆ. ಅದನ್ನು ಕೇಳುತ್ತ ಕೂರುವುದಕ್ಕಿಂತ ಕೆನ್ನೆಗೆ ಹೊಡೆಸಿಕೊಳ್ಳುವುದು ಹಗುರ ಎನ್ನಿಸುತ್ತಿತ್ತು.

ಹೀಗೇ ವರ್ಷ ಕಳೆಯಿತು. ಒಂದು ಚಿತ್ರ ಬಂತು. ಯುದ್ಧಕ್ಕೆ ಹೋದ ನಾಯಕ ಬೇರೊಬ್ಬಳ ಜೊತೆ ಸಂಸಾರ ಹೂಡಿ, ಕೊನೆಗೆ ಬುದ್ಧಿ ಬಂದು ಹೆಂಡತಿಯ ಬಾಗಿಲಿಗೆ ಬರುತ್ತಾನೆ. ಮೊಣಕಾಲೂರಿ ಕ್ಷಮೆ ಕೇಳುತ್ತಾನೆ. ಅವಳು ಕ್ಷಮಿಸಿ ಎದೆಗೊರಗುತ್ತಾಳೆ. ಹಾಳೆಯಲ್ಲಿದ್ದ ಮಾತು ಎರಡು ಸಾಲು. ಕಾಸೆಮ್ ಆ ಎರಡು ಸಾಲಿಗೆ ನಿಲ್ಲಲಿಲ್ಲ.

"ನನ್ನ ತಪ್ಪಿಗೆ ಹೆಸರಿಲ್ಲ," ಎಂದ ಮೈಕಿನಲ್ಲಿ. "ಒಂದು ಗ್ಲಾಸಿನ ಆಸೆಗೆ ನಿನ್ನ ದಾರಿಗೆ ಅಡ್ಡ ಬಿದ್ದೆ. ನೀನು ಹೋಗಬೇಕಾಗಿದ್ದ ಜಾಗಕ್ಕೆ ನಿನ್ನನ್ನ ಹೋಗೋಕೆ ಬಿಡ್ಲಿಲ್ಲ. ಇವತ್ತಿಗೂ ನಿನ್ನ ಮುಖ ನೋಡೋ ಯೋಗ್ಯತೆ ನನಗಿಲ್ಲ."

ಚಿತ್ರದ ನಾಯಕ ಕುಡಿದಿರಲೇ ಇಲ್ಲ. ಕೆಳಗೆ ಕೂತವರಿಗೆ ಅದರ ಪರಿವೆಯೇ ಇಲ್ಲ, ಹೆಂಗಸರು ಕರವಸ್ತ್ರದಲ್ಲಿ ಮೂಗು ಒರೆಸುತ್ತಿದ್ದರು. ಪರದೆಯ ಮೇಲೆ ನಾಯಕಿ ತುಟಿ ತೆರೆದಳು. ಗೂಡಿನಲ್ಲಿ ಪತುಮಾ ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟಳು.

"ಕ್ಷಮೆ ಕೇಳೋದು ನಿಮಗೆ ಬಾಯಿಪಾಠ," ಎಂದಳು. "ಯಾರ್ಯಾರ ದನೀಲಿ ಬೇಕಾದ್ರೂ ಕೇಳ್ತೀರಿ. ಎದ್ದು ಹೋಗಿ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ."

ಪರದೆಯ ಮೇಲೆ ನಾಯಕಿ ನಾಯಕನ ಎದೆಗೆ ಒರಗಿ ಕಣ್ಣು ಮುಚ್ಚಿದಳು. ಒಂದು ಕ್ಷಣ ನಗೆ ಎದ್ದಿತು, ಅಲ್ಲಿಗೇ ಅಡಗಿತು. ಮುಂದಿನ ಸಾಲಿನಿಂದ ಯಾರೋ ಹೆಂಗಸು, "ಸರಿಯಾಗಿ ಹೇಳ್ದೆ ನನ್ನವ್ವ," ಎಂದಳು. ಉಳಿದ ಚಿತ್ರಕ್ಕೆ ಗಂಡುದನಿ ಬರಲಿಲ್ಲ.

ಸೆಂಗ್ ಧಣಿ ಮೊದಲು ಹಾರಾಡಿದ. ಮರುದಿನ ಆ ಮಾತು ಕೇಳಲೆಂದೇ ಜನ ಸಾಲುಗಟ್ಟಿದ್ದು ಕಂಡು, "ಅದನ್ನೇ ಇಟ್ಕೊಳಮ್ಮ ತಾಯಿ," ಎಂದು ಪತುಮಾಳ ಬೆನ್ನು ಹತ್ತಿದ. ಅವಳು ಒಪ್ಪಲಿಲ್ಲ. ಮರುದಿನದಿಂದ ಹಾಳೆಯಲ್ಲಿದ್ದಂತೆಯೇ, "ನಿಮ್ಮನ್ನು ಎಂದೋ ಕ್ಷಮಿಸಿದೆ," ಎಂದು ಓದಿದಳು, ಬಸ್ಸಿನ ವೇಳೆ ಹೇಳಿದ ಹಾಗೆ. ಆ ಚಿತ್ರ ಮೂರು ವಾರ ಓಡಿತು. ದಿನಕ್ಕೆರಡು ಸಲ ಕಾಸೆಮ್ ಆ ಕ್ಷಮೆಯನ್ನು ಕೇಳಿಸಿಕೊಂಡ.

ಮುಂದೆ ದನಿ ಕೂಡಿಕೊಂಡೇ ಚಿತ್ರಗಳು ಬರತೊಡಗಿದವು. ಗೂಡಿಗೆ ಬೀಗ ಬಿತ್ತು, ಕೆಲಕಾಲಕ್ಕೆ ಟಾಕೀಸಿಗೂ ಬಿತ್ತು. ಪತುಮಾ ಚುಮ್‌ಸೇಂಗಿಗೆ ಹೋಗಿ ಶಾಲೆಯ ಮೇಷ್ಟರೊಬ್ಬರನ್ನು ಮದುವೆಯಾದಳು. ಕಾಸೆಮ್ ಗಂಟುನೋವಿನ ಮುಲಾಮು ಮಾರುವ ವ್ಯಾನಿನಲ್ಲಿ ಮೈಕು ಹಿಡಿದು ಊರೂರು ಸುತ್ತಿದ. ಮದುವೆಯಾದ, ಎರಡು ಹೆಣ್ಣುಮಕ್ಕಳ ತಂದೆಯಾದ, ಹೆಂಡತಿಯನ್ನು ಚಿತೆಗೆ ಕೊಟ್ಟು ಒಂಟಿಯಾದ. ಮದುವೆ ಮನೆಗಳಲ್ಲಿ ಗ್ಲಾಸು ಮುಂದೆ ಬಂದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದ. "ಭಿಕ್ಕು ಕಾಸೆಮ್ ಬಂದ್ರು, ಚಾಪೆ ಹಾಸಿ," ಎಂದು ಜನ ಕಾಲೆಳೆಯುತ್ತಿದ್ದರು. ಕುಡಿಯದವನು ಒಳ್ಳೆಯವನೆಂಬ ಹೆಸರೂ ಬಂತು. ಆ ಹೆಸರು ಕೇಳಿದಾಗ ಅವನಿಗೆ ಕದ್ದ ಅಂಗಿ ತೊಟ್ಟ ಹಾಗಾಗುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಒಂದು ದಿನ ಸೆಂಗ್ ಧಣಿಯ ಮೊಮ್ಮಗಳು ಅಂಗ್ಸನಾ ಮನೆ ಹುಡುಕಿಕೊಂಡು ಬಂದಳು. ಟಾಕೀಸಿನ ಮಹಡಿಯನ್ನು ದುರಸ್ತಿ ಮಾಡಿಸಿ ನಲವತ್ತು ಕುರ್ಚಿಯ ಚಿಕ್ಕ ಚಿತ್ರಮಂದಿರ ಮಾಡಿದ್ದಳು. ಬಾರನ್ನೂ ಹಾಗೇ ಉಳಿಸಿಕೊಂಡಿದ್ದಳು.

"ಒಂದು ಸಂಜೆ ಹಳೇ ಮೂಕಿ ಚಿತ್ರಕ್ಕೆ ನೀವು ದನಿ ಕೊಡ್ಬೇಕು ತಾತ. ಪತುಮಾ ಅಜ್ಜಿ ಒಪ್ಪಿದಾರೆ."

"ನಾನಿರ್ತೀನಿ ಅಂತ ಅವರಿಗೆ ಗೊತ್ತಾ?"

"ಗೊತ್ತು. ನೀವು ಒಪ್ಪಿದ್ರೆ ಮಾತ್ರ ಬರ್ತೀನಿ ಅಂದ್ರು."

ಆ ಸಂಜೆ ಕಾಸೆಮ್ ಮೆಟ್ಟಿಲು ಹತ್ತಿ ಬಂದಾಗ ಪತುಮಾ ಆಗಲೇ ಬಾರಿನ ಕಟ್ಟೆಗೆ ಮೊಣಕೈಯೂರಿ ಕೂತಿದ್ದಳು. ಕೂದಲು ಬೆಳ್ಳಗೆ, ಬೆನ್ನು ನೆಟ್ಟಗೆ. ಪಕ್ಕದ ಸ್ಟೂಲು ತೋರಿಸಿದಳು. ಅವನು ಕೂತ. ಕಿಂಡಿಯಾಚೆ ಬರಿಯ ಬಿಳಿ ಪರದೆ.

"ಎರಡು ವಿಸ್ಕಿ ಕೊಡಮ್ಮ. ಸೋಡಾ ಹಾಕಿ," ಎಂದು ಅವಳು ಅಂಗ್ಸನಾಗೆ ಹೇಳಿದಳು.

"ನಾನು ಕುಡಿಯಲ್ಲ ಪತುಮಾ. ಅವತ್ತಿಂದ..."

"ಗೊತ್ತು. ಊರೆಲ್ಲ ಹೇಳುತ್ತೆ. ನಾನೂ ಕುಡಿದವಳಲ್ಲ. ಇವತ್ತು ಕುಡಿಯೋಣ, ಇಲ್ದಿದ್ರೆ ನನ್ನ ಬಾಯಿಂದ ಮಾತು ಹೊರಡಲ್ಲ."

ಒಂದು ಗುಟುಕು ಕುಡಿದು ಮುಖ ಹಿಂಡಿದಳು. ಆಮೇಲೆ ಪರದೆಯನ್ನೇ ನೋಡುತ್ತ ಮಾತಾಡಿದಳು.

"ಅವತ್ತು ಹೊತ್ತು ಮುಳುಗೋ ಮುಂಚೆ ಇನ್ನೊಂದು ರೈಲಿತ್ತು ಕಾಸೆಮಣ್ಣ. ಮೊದಲನೇ ಆಟ ಮುಗಿದ ಮೇಲೆ. ನಿಮಗೂ ಅಷ್ಟೊತ್ತಿಗೆ ಅಮಲು ಇಳಿದಿತ್ತು. ಹೋಗಿದ್ರೆ ಅಮ್ಮನ ಬಾಯಿಗೆ ಒಂದು ಚಮಚ ನೀರು ಬಿಡ್ತಿದ್ದೆ."

ಕಾಸೆಮ್ ಅವಳ ಕಡೆ ತಿರುಗಿದ.

"ನಾನೇ ಹೋಗ್ಲಿಲ್ಲ. ಮೊದಲನೇ ಆಟದಲ್ಲಿ ನಿಮ್ಮ ಮಾತೂ ನಾನೇ ಆಡಿದ್ನಲ್ಲ, ಜನ ಹೆಂಗೆ ಚಪ್ಪಾಳೆ ಹೊಡೆದ್ರು. ಅದು ನನ್ನ ತಲೆಗೆ ಏರ್ತು. ನೀವು ಕುಡಿದಿದ್ದಕ್ಕಿಂತ ಹೆಚ್ಚೇ ಏರ್ತು. ಅಮ್ಮ ವರ್ಷಕ್ಕೆ ಎರಡು ಸಲ ಸಾಯ್ತೀನಿ ಅಂತ ಹೇಳಿ ಕಳಿಸೋಳು. ಇದೂ ಹಾಗೇ ಇರುತ್ತೆ, ಬೆಳಿಗ್ಗೆ ಹೋದ್ರಾಯ್ತು ಅಂದ್ಕೊಂಡೆ. ಆಮೇಲೆ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಬದುಕಿದೆ. ಅದನ್ನ ಬಿಟ್ಟಿದ್ರೆ ನನ್ನ ಮೇಲೇ ಮಾಡ್ಕೋಬೇಕಿತ್ತು."

ಇಷ್ಟು ವರ್ಷ ಹೊತ್ತ ಭಾರ ಈಗ ಇಳಿಯಬೇಕೆಂದು ಕಾಸೆಮ್ ಕಾದ. ಇಳಿಯಲಿಲ್ಲ. ಅವಳೂ ಇಷ್ಟು ವರ್ಷ ಹೀಗೇ ಹೊತ್ತಿದ್ದಳೆಂಬುದು ಅದರ ಮೇಲೆ ಬಂದು ಕೂತಿತು.

"ಆದ್ರೂ ಕುಡಿದಿದ್ದು ನಾನೇ ಅಲ್ವಾ?" ಎಂದ.

"ಕುಡಿದಿದ್ದು ನೀವೇ. ಅದರಲ್ಲಿ ಪಾಲು ಕೇಳೋಕೆ ಬಂದಿಲ್ಲ ನಾನು," ಎಂದಳು ಪತುಮಾ. ಇಬ್ಬರೂ ಸ್ವಲ್ಪ ನಕ್ಕರು. ಕಾಸೆಮ್ ಗ್ಲಾಸು ಎತ್ತಿ ಅರ್ಧ ಕುಡಿದ. ಗಂಟಲು ಸುಟ್ಟಿತು. ಉಳಿದದ್ದನ್ನು ಅಂಗ್ಸನಾ ಕಡೆಗೆ ಸರಿಸಿದ.

ಆಟ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ಅವನಿಗೆ ಅಕ್ಷರ ಕಾಣುತ್ತಿರಲಿಲ್ಲ, ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಯುವಕರು ಮೊಬೈಲಿನಲ್ಲಿ ಹಿಡಿದುಕೊಂಡರು, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಡುವಾಗ ಪತುಮಾ, "ಬರೋ ತಿಂಗಳು ಅಮ್ಮನ ಹೆಸರಲ್ಲಿ ಭಿಕ್ಕುಗಳಿಗೆ ಊಟ ಹಾಕಿಸ್ತೀನಿ. ಈ ಸಲ ರೈಲು ಹತ್ತಿ," ಎಂದಳು.

ಕಾಸೆಮ್ ಹತ್ತಿದ. ಚುಮ್‌ಸೇಂಗಿನ ವಿಹಾರದಲ್ಲಿ ಭಿಕ್ಕುಗಳ ಊಟವಾಯಿತು, ಸೂತ್ರ ಶುರುವಾಯಿತು. ಪತುಮಾ ಚಿಕ್ಕ ಹಿತ್ತಾಳೆ ಚೊಂಬನ್ನು ಅವನ ಕೈಗೆ ಕೊಟ್ಟಳು. ಸತ್ತವರ ಹೆಸರು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ, ಆ ಪುಣ್ಯ ಅವರಿಗೆ ಸೇರಲಿ ಎಂದು ನೀರು ಧಾರೆ ಎರೆಯಬೇಕು. ಕಾಸೆಮ್ ಚೊಂಬು ಬಗ್ಗಿಸಲು ಹೋದವನು ಅಲ್ಲಿಗೇ ತಡೆದ. ಇಷ್ಟು ವರ್ಷ ಹಗಲಿರುಳು ನೆನೆದ ಮುದುಕಿಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಯಾವತ್ತೂ ಕೇಳಿಯೇ ಇರಲಿಲ್ಲ.

ಅವನು ಪತುಮಾಳ ಕಡೆ ಬಾಗಿ, ತಗ್ಗಿದ ದನಿಯಲ್ಲಿ, "ಅಮ್ಮನ ಹೆಸರೇನು?" ಎಂದ.

"ಬುನ್ನಾಕ್," ಎಂದಳು ಪತುಮಾ.

ಅವನು ನೀರು ಬಿಟ್ಟ.